ಸ್ಟಾಫ್ ಗಾಡಿಯ ದಾರಿಯಲ್ಲೊಂದು ರೂಮು

"ಓದೋದು ಯಾರು, ನಿಮ್ಮ ಮಗಳಾ?" ಎಂದು ಮನೆಯ ಯಜಮಾನಿ ಕೇಳಿದಳು.

ಕಂಡಕ್ಟರಮ್ಮ ಬ್ರೋಕರಿನ ಮುಖ ನೋಡಿದಳು. ಬ್ರೋಕರು ಗೇಟಿನ ಚಿಲಕ ನೋಡಿದ. ಈ ಪ್ರಶ್ನೆ ಬಂದಾಗಲೆಲ್ಲ ಅವನಿಗೆ ಚಿಲಕದಲ್ಲಿ ಏನೋ ಭಾರಿ ಸ್ವಾರಸ್ಯ ಕಾಣಿಸುತ್ತಿತ್ತು.

"ನಾನೇ ಓದೋದು. ಬಿ.ಎ. ಎರಡನೇ ವರ್ಷ, ಇತಿಹಾಸ."

ಯಜಮಾನಿ ಅವಳ ನರೆತ ಕೂದಲಿನಿಂದ ಹಿಡಿದು ಊದಿಕೊಂಡ ಪಾದಗಳವರೆಗೆ ನಿಧಾನಕ್ಕೆ ಕಣ್ಣಿಳಿಸಿದಳು. "ಅಯ್ಯೋ, ಇದು ಹುಡುಗೀರಿರೋ ಮನೆ ಕಣಮ್ಮ. ಅವರು ಹಾಡು ಹಾಕ್ಕೋತಾರೆ, ಕುಣೀತಾರೆ. ನಿಮ್ಮನ್ನ ಒಳಗೆ ಬಿಟ್ರೆ ಅವಕ್ಕೆ ಅತ್ತೆ ಬಂದು ಕೂತ ಹಾಗಾಗುತ್ತೆ."

"ನಾನೂ ಕುಣೀತೀನಿ ಅಂದ್ರೆ?"

ಯಜಮಾನಿ ಮನಸಾರೆ ನಕ್ಕಳು. ನಗುನಗುತ್ತಲೇ ಗೇಟು ಹಾಕಿಕೊಂಡಳು.

ಕಂಡಕ್ಟರಮ್ಮ ಎಂದರೆ ನಿಜಕ್ಕೂ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳೇ. ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ ಅಪ್ಪ ತೀರಿಕೊಂಡ, ತಮ್ಮನನ್ನು ಓದಿಸಬೇಕಾಗಿತ್ತು, ಟಿಕೆಟ್ ಚೀಲ ಹೆಗಲಿಗೇರಿತು. ಅವಳ ಬಸ್ಸಿನ ದಾರಿಯಲ್ಲೇ ವಿಶ್ವವಿದ್ಯಾಲಯವಿತ್ತು. "ಯೂನಿವರ್ಸಿಟಿ ಗೇಟ್, ಇಳೀರಿ ಇಳೀರಿ" ಎಂದು ದಿನಕ್ಕೆ ಅದೆಷ್ಟೋ ಸಲ ಗಂಟಲು ಹರಿದುಕೊಂಡಳೇ ಹೊರತು, ತಾನು ಒಂದು ದಿನವೂ ಆ ಗೇಟಿನಲ್ಲಿ ಇಳಿದವಳಲ್ಲ. ಮಂಡಿ ಕೈಕೊಟ್ಟು, ಅವಧಿಗೆ ಮುಂಚೆಯೇ ಕೆಲಸ ಬಿಟ್ಟ ಮೇಲೆ ಅಲ್ಲಿ ಇಳಿದಳು. ಅಷ್ಟು ಹೊತ್ತಿಗೆ ಐವತ್ತು ದಾಟಿತ್ತು.

ಸೀಟು ಸಿಕ್ಕಿತು. ಕಷ್ಟ ಶುರುವಾದದ್ದು ಆಮೇಲೆ. ಅವಳಿದ್ದದ್ದು ಊರಾಚೆಯ ತಮ್ಮನ ಮನೆಯಲ್ಲಿ. ಅಲ್ಲಿಂದ ಹೊರಡುವ ಮೊದಲ ಬಸ್ಸು ಹಿಡಿದು, ನಡುವೆ ಇನ್ನೊಂದಕ್ಕೆ ಹತ್ತಿ ಬರುವಷ್ಟರಲ್ಲಿ ಬೆಳಗಿನ ಮೊದಲ ಪೀರಿಯಡ್ಡು ಮುಗಿದೇ ಹೋಗಿರುತ್ತಿತ್ತು. ಮುಖ್ಯ ವಿಷಯದ ಪಾಠವೆಲ್ಲ ಆ ಒಂದು ಪೀರಿಯಡ್ಡಿನಲ್ಲೇ. ಹಾಜರಿ ಸಾಲದೆಂದು ಕಳೆದ ವರ್ಷ ಪರೀಕ್ಷೆಗೆ ಕೂರಿಸಲಿಲ್ಲ. ಅದೇ ವರ್ಷವನ್ನು ಇನ್ನೊಮ್ಮೆ ಓದಲು ಬಿಡುತ್ತಾರೆ, ಆದರೆ ಒಮ್ಮೆ ಮಾತ್ರ. "ಈ ಸಲವೂ ಹಾಜರಿ ಬಿದ್ರೆ ಹೆಸರು ತೆಗೀಲೇಬೇಕಾಗುತ್ತೆ ಅಮ್ಮ. ದಯವಿಟ್ಟು ಹತ್ತಿರ ಎಲ್ಲಾದ್ರೂ ಮನೆ ಮಾಡಿ" ಎಂದು ವಿಭಾಗದ ಮುಖ್ಯಸ್ಥ ಹೇಳಿದ್ದ. ಅವಳಿಗಿಂತ ಚಿಕ್ಕವನು, ಮರ್ಯಾದಸ್ಥ. ಅವಳು ಬಂದರೆ ಕುರ್ಚಿಯಿಂದ ಅರ್ಧ ಏಳುತ್ತಿದ್ದ.

ಹಾಸ್ಟೆಲಿಗೆ ವಯಸ್ಸಿನ ಮಿತಿ. ಹಾಗಾಗಿ ರೂಮಿನ ಬೇಟೆ. ರೂಮೇನೋ ಊರ ತುಂಬ ಇದ್ದವು. ಬೆಳಿಗ್ಗೆ ಬೇಗ ಬಸ್ಸೋ ರೈಲೋ ಸಿಗುವ ಕಡೆಯೇ ಬೇಕಾದದ್ದು ಅವಳ ಕರ್ಮ. ಅಂಥ ಜಾಗಗಳಲ್ಲಿ ವಿದ್ಯಾರ್ಥಿಗಳಿಗೆ ಕೊಡುವವರು ಅವಳ ವಯಸ್ಸು ನೋಡಿ ಬೇಡವೆಂದರು. ಸಂಸಾರಸ್ಥರಿಗೆ ಕೊಡುವವರು ಅವಳ ಪುಸ್ತಕದ ಚೀಲ ನೋಡಿ ಬೇಡವೆಂದರು. ಒಬ್ಬ ಮುದುಕ ಮಾತ್ರ ಎರಡಕ್ಕೂ ಆಗಲೆಂದು ತಲೆಯಾಡಿಸಿ, ಅವಳು ಮೆಟ್ಟಿಲಿನ ಕಂಬಿ ಹಿಡಿದು ಹತ್ತುವುದನ್ನು ಕೆಳಗಿನಿಂದ ನೋಡಿದ.

"ಒಬ್ಬರೇನಾ ಇರೋದು?"

"ಹೌದು."

"ನಾಳೆ ಹೆಚ್ಚುಕಡಿಮೆ ಆಯ್ತು ಅಂದ್ಕೊಳ್ಳಿ. ಯಾರಿಗೆ ಹೇಳಿ ಕಳಿಸ್ಲಿ?"

"ಸ್ವಾಮಿ, ನಿಮಗಿಂತ ಇಪ್ಪತ್ತು ವರ್ಷ ಚಿಕ್ಕೋಳು ನಾನು."

"ಅದಕ್ಕೇ ಹೇಳೋದು. ನನಗೇ ನನ್ನದು ಗ್ಯಾರಂಟಿ ಇಲ್ಲ. ನಿಮ್ಮದೂ ಎಲ್ಲಿ ತಲೆಗೆ ಕಟ್ಕೊಳ್ಲಿ?"

ಹೊರಗೆ ಬಂದ ಮೇಲೆ ಬ್ರೋಕರು ತಲೆ ಕೆರೆದುಕೊಂಡ. "ಅಮ್ಮಾ, ನೀವು ಓದ್ತೀನಿ ಅಂತ ಹೇಳ್ಬೇಡಿ. ಕೆಲಸಕ್ಕೆ ಹೋಗ್ತೀನಿ ಅನ್ನಿ."

"ಯಾವ ಕೆಲಸ ಅಂತ ಕೇಳ್ತಾರೆ."

"ಯೂನಿವರ್ಸಿಟೀಲಿ ಪಾಠ ಹೇಳ್ತೀನಿ ಅನ್ನಿ! ನೋಡೋಕೆ ಹಾಗೇ ಇದೀರಿ."

"ಪಾಠ ಹೇಳೋಳಾಗಿದ್ರೆ ನಿನ್ನ ಹಿಂದೆ ಯಾಕಪ್ಪ ಅಲೀತಿದ್ದೆ" ಎಂದಳು ಕಂಡಕ್ಟರಮ್ಮ. ಬ್ರೋಕರಿಗೂ ಅದು ಸರಿಯೆನ್ನಿಸಿತು. ಮಾರನೆಯ ದಿನದಿಂದ ಅವನು ಅವಳ ಫೋನು ಎತ್ತುವುದು ಕಡಿಮೆ ಮಾಡಿದ.

ತಮ್ಮನ ಮನೆಯಲ್ಲೂ ಕಾಲ ಕೆಳಗಿನ ನೆಲ ಸರಿಯುತ್ತಿತ್ತು. ತಮ್ಮನ ಹೆಂಡತಿ ಕೆಟ್ಟವಳಲ್ಲ. ಅವಳ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಳು, ಕರೆತಂದು ನೋಡಿಕೊಳ್ಳಬೇಕಿತ್ತು, ಇದ್ದದ್ದು ಒಂದೇ ಹೆಚ್ಚುವರಿ ಕೋಣೆ. "ಅಕ್ಕ, ನೀವು ಹೇಗೂ ರೂಮ್ ಮಾಡ್ತೀನಿ ಅಂತಿದ್ರಲ್ಲ..." ಎಂದು ಮಾತನ್ನು ಅರ್ಧಕ್ಕೇ ಬಿಟ್ಟಳು. ತಮ್ಮ ಟಿವಿಯ ಸದ್ದು ಕೊಂಚ ಏರಿಸಿದ. ಅವನನ್ನು ಓದಿಸಿದ್ದು ಸಾರ್ಥಕವೆಂದುಕೊಂಡಳು ಕಂಡಕ್ಟರಮ್ಮ. ಯಾವಾಗ ಕಿವುಡಾಗಬೇಕೆಂಬುದನ್ನಾದರೂ ಚೆನ್ನಾಗಿ ಕಲಿತಿದ್ದ.

ಆ ವಾರ, ದೇವರು ಕಣ್ಣುಬಿಟ್ಟಂತೆ, ಎರಡು ರೂಮು ಒಟ್ಟಿಗೇ ಸಿಕ್ಕವು.

ಮೊದಲನೆಯದನ್ನು ಹುಡುಕಿಕೊಟ್ಟವಳು ತರಗತಿಯಲ್ಲಿ ಅವಳ ಪಕ್ಕ ಕೂರುತ್ತಿದ್ದ ಕನ್ನಡಕದ ಹುಡುಗಿ. ರೈಲು ನಿಲ್ದಾಣದ ಬೆನ್ನಿಗೇ ಇದ್ದ ಹಳೇ ಕಟ್ಟಡ. ಒಂದು ಕೋಣೆ, ಮೂರು ಮಂಚ. ಎರಡರಲ್ಲಿ ಕನ್ನಡಕದ ಹುಡುಗಿಯೂ ಅವಳ ಗೆಳತಿಯೂ, ಮೂರನೆಯದು ಖಾಲಿ. ಕಿಟಕಿ ತೆರೆದರೆ ಕೈಗೆ ಎಟುಕುವಷ್ಟು ಹತ್ತಿರ ಪಕ್ಕದ ಮನೆಯ ಗೋಡೆ. ಮಂಚದ ಕೆಳಗೆ ಪಾತ್ರೆ, ಪಾತ್ರೆಯ ಮೇಲೆ ಪುಸ್ತಕ, ಪುಸ್ತಕದ ಮೇಲೆ ಒಣಹಾಕಿದ ಕಾಲುಚೀಲ. ಆದರೆ ಮೆಟ್ಟಿಲಿಳಿದರೆ ಪ್ಲಾಟ್‌ಫಾರಂ, ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ವಿಶ್ವವಿದ್ಯಾಲಯ.

"ಓನರ್‌ಗೆ ನಾನೇ ಹೇಳಿದೀನಿ ಆಂಟಿ, ನಮ್ಮ ದೊಡ್ಡಮ್ಮ ಅಂತ. ಇವತ್ತು ಸಾಯಂಕಾಲದೊಳಗೆ ಹೂಂ ಅನ್ಬೇಕು. ಇನ್ನೊಬ್ಬಳು ಕಾಯ್ತಿದಾಳೆ."

"ನಾನು ಗೊರಕೆ ಹೊಡೀತೀನಿ ಕಣೇ."

"ರೈಲಿಗಿಂತ ಜೋರಾ?"

ಎರಡನೆಯದು ಅವಳೇ ಕಂಡುಕೊಂಡದ್ದು, ಊರಿನ ಇನ್ನೊಂದು ತುದಿಯಲ್ಲಿ, ಅವಳು ಕೆಲಸ ಮಾಡಿದ ಬಸ್ ಡಿಪೋದ ರಸ್ತೆಯಲ್ಲಿ. ಡಿಪೋದವರ ಸಮವಸ್ತ್ರ ಹೊಲಿಯುತ್ತಿದ್ದ ಟೈಲರಮ್ಮ ತನ್ನ ಮಹಡಿಯ ರೂಮು ಖಾಲಿಯಿದೆ ಎಂದಳು. ಬೆಳಕು ಬೀಳುವ ಎರಡು ಕಿಟಕಿ, ಸ್ವಂತ ನಲ್ಲಿ, ಮೇಜಿಗೆ ಜಾಗ. ವಯಸ್ಸು, ಸಂಸಾರ, ಸಾವು, ಯಾವುದರ ವಿಚಾರಣೆಯೂ ಇಲ್ಲ.

"ನಿನ್ನ ಬಗ್ಗೆ ನಾನು ಯಾರನ್ನ ವಿಚಾರಿಸ್ಲಿ? ನಿನ್ನ ಸೊಂಟದ ಅಳತೆ ನನಗೆ ಬಾಯಿಪಾಠ. ವರ್ಷ ವರ್ಷ ಹೇಗೆ ಬೆಳೀತು ಅಂತಾನೂ ಗೊತ್ತು" ಎಂದಳು ಟೈಲರಮ್ಮ. "ಆದ್ರೆ ಒಂದು ಮಾತು. ಬಂದ್ರೆ ವರ್ಷ ಪೂರ್ತಿ ಇರ್ಬೇಕು. ನಡುವೆ ಬಿಟ್ಟು ಹೋದ್ರೆ ಅಡ್ವಾನ್ಸ್ ವಾಪಸ್ ಕೇಳ್ಬೇಡ, ನನಗೆ ಇನ್ನೊಬ್ಬರನ್ನ ಹುಡುಕೋ ಶಕ್ತಿ ಇಲ್ಲ."

ಕನ್ನಡಕದ ಹುಡುಗಿ ಫೋನಿನಲ್ಲಿ ಬಸ್ಸಿನ ವೇಳೆ ತೆಗೆದು ನೋಡಿ ಹುಬ್ಬು ಗಂಟಿಕ್ಕಿದಳು. "ಆಂಟಿ, ಅಲ್ಲಿಂದ ಬೆಳಿಗ್ಗೆ ಬಸ್ಸೇ ಇಲ್ವಲ್ಲ. ಮೊದಲನೇದು ಬರೋ ಹೊತ್ತಿಗೆ ಇಲ್ಲಿ ಹಾಜರಿ ಕೂಗಿ ಮುಗಿದಿರುತ್ತೆ."

ಹುಡುಗಿ ಹೇಳಿದ್ದು ಸುಳ್ಳಲ್ಲ. ಡಿಪೋದ ಪಕ್ಕದಲ್ಲಿ ಇರುವವರಿಗೇ ಬಸ್ಸಿಗೆ ಬರ. ಬೆಳಗಿನ ಬಸ್ಸುಗಳು ಡಿಪೋದಿಂದ ಬಾಗಿಲು ಮುಚ್ಚಿಕೊಂಡೇ ಹೊರಟು, ಊರ ನಡುವಿನ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಜನರನ್ನು ಹತ್ತಿಸಿಕೊಳ್ಳಲು ಶುರುಮಾಡುತ್ತವೆ. ಅವು ಸುತ್ತಿ ಬಳಸಿ ಡಿಪೋದ ರಸ್ತೆಗೆ ಬರುವಾಗ ಬಿಸಿಲೇರಿರುತ್ತದೆ.

ಕಂಡಕ್ಟರಮ್ಮ ಮಾತ್ರ ನಕ್ಕಳು. "ಆ ಫೋನಿಗೇನು ಗೊತ್ತೇ? ಸ್ಟಾಫ್ ಗಾಡಿ ಅಂತ ಒಂದಿದೆ. ಯಾವ ಬೋರ್ಡಿನಲ್ಲೂ ಇರಲ್ಲ, ಯಾವ ಫೋನಿನಲ್ಲೂ ಬರಲ್ಲ."

ಸ್ಟಾಫ್ ಗಾಡಿ ಎಂದರೆ ಬೆಳಗಿನ ಪಾಳಿಯ ಡ್ರೈವರು ಕಂಡಕ್ಟರುಗಳನ್ನು ಡಿಪೋದಿಂದ ಊರ ನಡುವಿನ ನಿಲ್ದಾಣಕ್ಕೆ ಬಿಡುವ ಬಸ್ಸು. ನಿಲ್ದಾಣದ ಹಿಂಬದಿಯ ಬಾಗಿಲು ದಾಟಿದರೆ ವಿಶ್ವವಿದ್ಯಾಲಯ. ದಾರಿಯಲ್ಲಿ ನಿಂತ ನೌಕರರನ್ನೂ ಅದು ಹತ್ತಿಸಿಕೊಳ್ಳುತ್ತಿತ್ತು. ಕೈ ತೋರಿಸಿದರೆ ಸಾಕು. ಟಿಕೆಟ್ಟಿಲ್ಲ, ಪ್ರಶ್ನೆಯಿಲ್ಲ. ಕೆಲಸಕ್ಕಿದ್ದಷ್ಟೂ ಕಾಲ ಕಂಡಕ್ಟರಮ್ಮ ಅದರಲ್ಲಿ ಓಡಾಡಿದ್ದಳು. ಎಡಗಡೆಯ ಎರಡನೇ ಸೀಟಿನಲ್ಲಿ ಅವಳ ಮೈಯ ಗುರುತೇ ಬಿದ್ದಿತ್ತು. ಈಗ ಅದನ್ನು ಓಡಿಸುತ್ತಿದ್ದವನು ಅವಳ ಹಳೆಯ ಜೊತೆಗಾರ ಬ್ರೇಕಣ್ಣ. ಗಕ್ಕನೆ ಬ್ರೇಕು ಹಾಕಿ ಹಾಕಿ, ನಿಂತಿದ್ದವರನ್ನೆಲ್ಲ ಕೂತವರ ಮಡಿಲಿಗೆ ಕೆಡವಿ ಸಂಪಾದಿಸಿದ ಹೆಸರು ಅದು.

ಅವನಿಗೆ ಫೋನು ಮಾಡಿದಳು. "ಏನಣ್ಣ, ನಾನು ಟೈಲರಮ್ಮನ ಮನೆ ಮುಂದೆ ನಿಂತ್ರೆ ಹತ್ತಿಸ್ಕೋತೀಯಾ?"

"ಇದೇನವ್ವ ಕೇಳೋ ಮಾತು? ನಿನಗೆ ನಿಲ್ಲಿಸದೆ ಇನ್ಯಾರಿಗೆ ನಿಲ್ಲಿಸ್ಲಿ? ನಿನ್ನ ಸೀಟಿನಲ್ಲಿ ಯಾರಾದ್ರೂ ಕೂತಿದ್ರೆ ಎಬ್ಬಿಸ್ತೀನಿ."

ಅಲ್ಲಿಗೆ ಮುಗಿಯಿತು. ಸಾಯಂಕಾಲ ಕನ್ನಡಕದ ಹುಡುಗಿಗೆ, "ನಿನ್ನ ಮಂಚ ಇನ್ನೊಬ್ಬಳಿಗೇ ಇರಲಿ ಕಣಮ್ಮ" ಎಂದಳು. ಹುಡುಗಿ, "ಸರಿಯಾಗಿ ಯೋಚನೆ ಮಾಡಿದೀರಾ ಆಂಟಿ?" ಎಂದು ಕೇಳಿದಳು. ಯೋಚನೆ ಮಾಡುವುದೇನು ಬಂತು? ಬಸ್ಸಿನ ವಿಷಯದಲ್ಲಿ ತನಗೆ ಬುದ್ಧಿ ಹೇಳುವವರು ಈ ಊರಲ್ಲಿ ಇನ್ನೂ ಹುಟ್ಟಿಲ್ಲ ಎಂಬ ಧೈರ್ಯ ಅವಳದು. ಬಸ್ಸು ಬರುತ್ತದೆಯೇ, ಯಾವಾಗ ಬರುತ್ತದೆ, ಯಾರು ಓಡಿಸುತ್ತಾರೆ ಎಂಬುದೆಲ್ಲ ಅವಳಿಗೆ ಅಂಗೈಯ ಗೆರೆ. ಅದು ಈಗ ತನ್ನ ಬಸ್ಸೇ ಎಂಬ ಪ್ರಶ್ನೆಯೊಂದು ಮಾತ್ರ ಅವಳ ತಲೆಯ ಹತ್ತಿರವೂ ಸುಳಿಯಲಿಲ್ಲ. ಸುಳಿಯುವುದಾದರೂ ಹೇಗೆ? ಸಮವಸ್ತ್ರ ಬಿಚ್ಚಿಟ್ಟವರಿಗೆ ಮೈ ಬೇರೆಯಾಯಿತೆಂದು ಅನ್ನಿಸುತ್ತದೆಯೇ?

ಹೊಸ ರೂಮಿಗೆ ಬಂದ ಮೇಲಿನ ದಿನಗಳು ಚೆನ್ನಾಗಿದ್ದವು. ಬೆಳಕು ಹರಿಯುವ ಮುಂಚೆ ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಸ್ಟಾಫ್ ಗಾಡಿ ಗಕ್ಕನೆ ನಿಲ್ಲುತ್ತಿತ್ತು. ಒಳಗೆ ತೂಕಡಿಸುತ್ತಿದ್ದ ಹಳೆಯ ಗೆಳೆಯರು ಒಂದು ಕಣ್ಣು ತೆರೆದು, "ಬಂದ್ಳಪ್ಪ ಪ್ರೊಫೆಸರು" ಎನ್ನುತ್ತಿದ್ದರು.

"ಇವತ್ತು ಯಾವ ರಾಜನ್ನ ಸಾಯಿಸ್ತಾರವ್ವ ಕ್ಲಾಸಲ್ಲಿ?"

"ನಿನ್ನೆ ಸಾಯಿಸಿದ್ದು. ಇವತ್ತು ಅವನ ಮಗ ಕೂರ್ತಾನೆ."

"ಅವನಿಗಾದ್ರೂ ಸೀಟು ಸಿಕ್ತಲ್ಲ" ಎಂದು ನಿಂತೇ ಬರುತ್ತಿದ್ದವನೊಬ್ಬ ಗೊಣಗಿದರೆ ಇಡೀ ಬಸ್ಸು ನಗುತ್ತಿತ್ತು.

ಮೊದಲ ಪೀರಿಯಡ್ಡಿಗೆ ಎಲ್ಲರಿಗಿಂತ ಮುಂಚೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು. ಹಾಜರಿ ಕೂಗುವಾಗ ಅವಳ "ಪ್ರೆಸೆಂಟ್" ಎಷ್ಟು ಗಟ್ಟಿಯಾಗಿರುತ್ತಿತ್ತೆಂದರೆ, ಮುಖ್ಯಸ್ಥ ಒಂದು ದಿನ, "ಅಮ್ಮ, ಇದು ಬಸ್ಸಲ್ಲ, ಮೆಲ್ಲಗೆ ಹೇಳಿದ್ರೂ ಕೇಳಿಸುತ್ತೆ" ಎಂದ.

ಹೀಗೆ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಬಸ್ಸಿನ ಮುಂದಿನ ಸೀಟಿನಲ್ಲಿ ಅಪರಿಚಿತನೊಬ್ಬ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ತೂಕಡಿಸದ ಕಣ್ಣು. ಯಾರೂ ಅವಳನ್ನು ಪ್ರೊಫೆಸರು ಎನ್ನಲಿಲ್ಲ. ಎಲ್ಲರೂ ಕಿಟಕಿಯಾಚೆ ನೋಡುತ್ತಿದ್ದರು. ತಪಾಸಣೆಯವನು ಎಂದು ಅವಳಿಗೆ ತಿಳಿಯುವಷ್ಟರಲ್ಲಿ ಬಸ್ಸು ಹೊರಟಿತ್ತು.

"ಗುರುತಿನ ಕಾರ್ಡ್ ತೋರಿಸಿ."

ಅವಳು ಚೀಲ ತಡಕಾಡಿದಳು. ಇದ್ದದ್ದು ಒಂದೇ ಕಾರ್ಡು. ಅದನ್ನೇ ಕೊಟ್ಟಳು.

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ವಿದ್ಯಾರ್ಥಿನಿ?"

"ಹೌದು ಸಾರ್. ಆದ್ರೆ ನಾನು ಇದೇ ಡಿಪೋದವಳು. ಕೇಳಿ ಬೇಕಾದ್ರೆ, ಎಲ್ಲರಿಗೂ ಗೊತ್ತು."

"ಈಗ ಕೆಲಸದಲ್ಲಿದೀರಾ?"

"ಇಲ್ಲ."

"ಮತ್ತೆ ಡಿಪೋದವರು ಹೇಗಾದ್ರಿ?"

ಮೂವತ್ತು ವರ್ಷ ಸಾವಿರಾರು ಜನರ ಹತ್ತಿರ ಜಗಳ ಗೆದ್ದವಳು ತನ್ನ ಸೀಟು ಬಿಟ್ಟೆದ್ದು ಕಂಬಿ ಹಿಡಿದುಕೊಂಡಳು. ಅವನು ಗದರಲಿಲ್ಲ. "ಇನ್ನೊಂದು ಡಿಪೋದಲ್ಲಿ ಹೀಗೇ ಹೊರಗಿನವರನ್ನ ಹತ್ತಿಸ್ಕೊಂಡು, ಗಾಡಿ ಮಗುಚಿ, ದೊಡ್ಡ ರಾದ್ಧಾಂತ ಆಗಿದೆ ತಾಯಿ. ನಾನೇನು ಮಾಡ್ಲಿ?" ಎಂದು ಅವಳ ಕಾರ್ಡನ್ನು ಮರಳಿಸಿ, ಬ್ರೇಕಣ್ಣನ ಹೆಸರು ಬರೆದುಕೊಂಡ. ಅವಳನ್ನು ನಡುದಾರಿಯಲ್ಲಿ ಇಳಿಸಲಿಲ್ಲ, ನಿಲ್ದಾಣದವರೆಗೆ ಬಿಟ್ಟರು. ಆ ದಿನದ ಹಾಜರಿ ಅವಳಿಗೆ ಸಿಕ್ಕಿತು. ಆದರೆ "ಪ್ರೆಸೆಂಟ್" ಎನ್ನುವಾಗ ಅವಳ ದನಿ ಮುಖ್ಯಸ್ಥನಿಗೆ ಕೇಳಿಸಲಿಲ್ಲ. ಎರಡು ಸಲ ಕೂಗಬೇಕಾಯಿತು.

ಭಾನುವಾರ ಬ್ರೇಕಣ್ಣ ಬಂದು ಮೆಟ್ಟಿಲ ಮೇಲೆ ಕೂತ. ಅವಳು ಟೀ ಕೊಟ್ಟಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿಯದೆ ಕೂತೇ ಇದ್ದ.

"ಮೆಮೋ ಕೊಟ್ರಾ?"

"ಕೊಟ್ರು. ಇನ್ನೊಂದು ಸಲ ಆದ್ರೆ ಮನೆಗೇ ಅಂದ್ರು. ನನಗೆ ಸರ್ವೀಸು ಇನ್ನು ಸ್ವಲ್ಪ ದಿನ ಉಳಿದಿರೋದು ಕಣವ್ವ. ಈಗ ಕಳಿಸಿದ್ರೆ ಪಿಂಚಣಿಗೂ ಕಲ್ಲು ಬೀಳುತ್ತೆ."

"ನಾನು ಕೈ ತೋರಿಸಲ್ಲ ಬಿಡು."

"ತೋರಿಸ್ದೆ ಸುಮ್ನೆ ನಿಂತಿದ್ರೂ ಆಗಲ್ಲ. ನೀನು ಕಂಡ್ರೆ ಸಾಕು, ನನ್ನ ಕಾಲು ನನ್ನ ಮಾತು ಕೇಳಲ್ಲ. ನೀನು ಆ ಹೊತ್ತಿಗೆ ಹೊರಗೇ ಬರ್ಬೇಡ. ಅಷ್ಟು ಮಾಡು ನನಗೆ."

"ಆಯ್ತು ಕುಡಿ, ಆರೋಗುತ್ತೆ."

"ಬೈದುಬಿಡು ಒಂದು ಸಲ. ಸಮಾಧಾನ ಆಗುತ್ತೆ."

"ಯಾರಿಗೆ?" ಎಂದಳು ಅವಳು. ಬ್ರೇಕಣ್ಣ ಟೀ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೋದ.

ಆಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಆಟೋದವನನ್ನು ಕೇಳಿದಳು, ಅವನು ದಿನವೂ ಬರಲು ಹೇಳಿದ ದರ ಕೊಡುವುದಾದರೆ, ಪಿಂಚಣಿಯನ್ನು ಅವನ ಕೈಗೇ ಕೊಟ್ಟು ತಾನು ಗಾಳಿ ಕುಡಿದು ಬದುಕಬೇಕಿತ್ತು. ನಡೆದು ನೋಡಿದಳು, ಮೂರನೆಯ ದಿನ ಮಂಡಿ ಕುಂಬಳಕಾಯಿಯಾಗಿ, ಮಲಗಿದಲ್ಲಿಂದ ಏಳಲಾಗದೆ ಇನ್ನೂ ಎರಡು ದಿನದ ಹಾಜರಿ ಕಳೆದುಕೊಂಡಳು. ಹಾಲಿನ ವ್ಯಾನಿನವನನ್ನು ಕೇಳಿದಳು. ಅವನು ಹೋಗುತ್ತಿದ್ದದ್ದು ಎದುರು ದಿಕ್ಕಿಗೆ. ರೈಲು ನಿಲ್ದಾಣದ ಹಿಂದಿನ ಆ ಮೂರನೆಯ ಮಂಚದಲ್ಲಿ ಈಗ ಯಾರೋ ಮಲಗುತ್ತಿದ್ದರು. ಅಲ್ಲೇ ನೆಲದ ಮೇಲಾದರೂ ಮಲಗಿಸಿಕೊಳ್ಳೋಣವೆಂದು ಕನ್ನಡಕದ ಹುಡುಗಿ ಕೇಳಿ ನೋಡಿದಳು. ಮೂವರಿಗಿಂತ ಹೆಚ್ಚಾದರೆ ಮೂವರನ್ನೂ ಖಾಲಿ ಮಾಡಿಸುವುದಾಗಿ ಓನರು ಹೇಳಿದನಂತೆ. ತಮ್ಮನ ಮನೆಯ ಕೋಣೆಯಲ್ಲಿ ಸೊಂಟ ಮುರಿದ ಮುದುಕಿಯಿದ್ದಳು. ಬ್ರೋಕರು ಫೋನೆತ್ತಿದ, "ಟೈಲರಮ್ಮನಿಗೆ ವರ್ಷದ ಮಾತು ಕೊಟ್ಟಿದೀರಿ, ಬಿಟ್ಟು ಬಂದ್ರೆ ಕೊಟ್ಟ ಅಡ್ವಾನ್ಸು ವಾಪಸ್ ಬರಲ್ಲ, ಅದಿಲ್ಲದೆ ಬೇರೆ ಕಡೆ ಏನು ಕೊಡ್ತೀರಿ ಅಮ್ಮ?" ಎಂದು ಅವನೇ ಕೇಳಿದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ದಿನವೂ ನಸುಕಿನಲ್ಲಿ ಸ್ನಾನ ಮುಗಿಸಿ, ಚೀಲ ಕಟ್ಟಿಕೊಂಡು, ಸ್ಟಾಫ್ ಗಾಡಿ ಹೋಗುವವರೆಗೆ ಕಿಟಕಿಯಿಂದ ದೂರ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅದು ಹೋದ ಮೇಲೆ ಹೊರಗೆ ಬಂದು ಬಿಸಿಲಿನ ಬಸ್ಸಿಗೆ ಕಾಯುತ್ತಿದ್ದಳು. ತರಗತಿಗೆ ಹೋದರೆ ಹುಡುಗರು ಹೊರಗೆ ಬರುತ್ತಿದ್ದರು. ಕನ್ನಡಕದ ಹುಡುಗಿ ಅವಳ ಕೈಗೆ ನೋಟ್ಸು ಕೊಡುತ್ತಿದ್ದಳು. ನೋಟ್ಸು ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಹಾಜರಿ ಹಾಕುವವರಿಲ್ಲ.

ಕಡೆಗೆ ಮುಖ್ಯಸ್ಥ ಕರೆದ. ಈ ಸಲ ಅವನು ಪೂರ್ತಿ ಎದ್ದು ನಿಂತ. ಅದನ್ನು ನೋಡಿಯೇ ಅವಳಿಗೆ ಗೊತ್ತಾಯಿತು.

"ಇನ್ನು ಉಳಿದ ದಿನ ಪೂರ್ತಿ ಬಂದ್ರೂ ಸಾಲಲ್ಲ ಅಮ್ಮ. ಮೇಲಿನವರ ಹತ್ರ ಮಾತಾಡ್ದೆ. ಕಾಯಿಲೆ ಆಗಿದ್ರೆ ಡಾಕ್ಟರ್ ಸರ್ಟಿಫಿಕೇಟ್ ತನ್ನಿ ಅಂತಾರೆ. ಬಸ್ ಸಿಗಲಿಲ್ಲ ಅನ್ನೋದಕ್ಕೆ..."

"ಅದಕ್ಕೆ ಯಾರು ಸಾರ್ ಸರ್ಟಿಫಿಕೇಟ್ ಕೊಡ್ತಾರೆ."

"ಮಂಡಿ ನೋವು ಅಂತ ಬರೆಸ್ಕೊಂಡು ಬರೋಕಾಗಲ್ವಾ?"

"ನೋವಿರೋದು ನಿಜ ಸಾರ್. ಅದು ಎರಡು ದಿನದ್ದು. ಉಳಿದ ದಿನಕ್ಕೆ ಸುಳ್ಳು ಹೇಳ್ಬೇಕು."

"ಹೇಳೋರು ಹೇಳ್ತಾರೆ" ಎಂದ ಅವನು, ಮೇಜಿನ ಮೇಲಿನ ಪೆನ್ನನ್ನು ನೋಡುತ್ತ.

ಅವಳು ಹೇಳಿಬಿಡಲೂ ಸಿದ್ಧಳಿದ್ದಳು. ಅದೇ ದಿನ ಎರಡು ಆಸ್ಪತ್ರೆ ತಿರುಗಿದಳು. ಮೊದಲನೆಯ ಡಾಕ್ಟರು ಆವತ್ತಿನ ತಾರೀಖಿಗೆ ಬೇಕಾದರೆ ಬರೆದುಕೊಡುತ್ತೇನೆ, ಹಿಂದಿನದಕ್ಕೆ ಇಲ್ಲ ಎಂದ. ಎರಡನೆಯವಳು ಮಂಡಿ ಒತ್ತಿ ನೋಡಿ, "ಇಷ್ಟು ದಿನ ಯಾಕಮ್ಮ ಬರಲಿಲ್ಲ?" ಎಂದು ಅವಳನ್ನೇ ಗದರಿ, ಮಾತ್ರೆ ಬರೆದುಕೊಟ್ಟಳು. ಗ್ರಂಥಾಲಯದ ಪುಸ್ತಕಗಳನ್ನು ಹಿಂದಿರುಗಿಸುವಾಗ ಅಲ್ಲಿದ್ದವನು, "ಇದು ಇನ್ನೂ ಇಟ್ಕೋಬಹುದು, ದಿನ ಇದೆ" ಎಂದ. "ಇರಲಿ" ಎಂದಳು.

ವಾಪಸು ಬರುವಾಗ ಬಸ್ಸುಗಳು ಒಂದರ ಹಿಂದೊಂದು ನಿಂತಿದ್ದವು. ಬೆಳಗಿನ ಪಾಳಿ ಮುಗಿಸಿ ಡಿಪೋಗೆ ಹಿಂದಿರುಗುವ ಹೊತ್ತು. ಎಲ್ಲವೂ ಟೈಲರಮ್ಮನ ಮನೆ ಮುಂದೆಯೇ ಹೋಗುವವು. ಯಾವುದಕ್ಕಾದರೂ ಹತ್ತಬಹುದಾಗಿತ್ತು, ಎಲ್ಲಿ ಬೇಕಾದರೂ ಕೂರಬಹುದಾಗಿತ್ತು.

ಟೈಲರಮ್ಮ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, ಬಾಯಲ್ಲಿ ದಾರ ಕಚ್ಚಿಕೊಂಡೇ ಕೇಳಿದಳು. "ಏನೇ, ಇಷ್ಟು ಬೇಗ? ರಜೆನಾ?"

"ಹೂಂ."

"ಒಳ್ಳೇದಾಯ್ತು. ಮುಖ ನೋಡು ಹೇಗೆ ಬತ್ತಿಹೋಗಿದೆ. ಸ್ವಲ್ಪ ಮಲಕ್ಕೋ." ಬೆಳಿಗ್ಗೆ ಇವಳ ಸ್ನಾನಕ್ಕೆಂದು ಕತ್ತಲಿರುವಾಗಲೇ ಎದ್ದು ಪಂಪು ಹಾಕುತ್ತಿದ್ದವಳು ಟೈಲರಮ್ಮ, ಅದಕ್ಕಾಗಿ ಒಂದು ದಿನವೂ ಗೊಣಗಿದವಳಲ್ಲ. "ಅಂದ ಹಾಗೆ, ನಾಳೆ ಎಷ್ಟೊತ್ತಿಗೆ ನೀರು ಬಿಡ್ಲಿ?"

ಕಂಡಕ್ಟರಮ್ಮ ಮೆಟ್ಟಿಲ ಕಂಬಿ ಹಿಡಿದು ಹತ್ತತೊಡಗಿದಳು.

"ನಿಮಗೆ ಎಚ್ಚರ ಆದಾಗ ಬಿಡಿ ಅಕ್ಕ" ಎಂದಳು. "ನನಗೇನು ಆತುರ ಇಲ್ಲ."